ಅವ್ವ ಕಲಿಸಿದ ಅಳು

ನಗಬಾರದ ಕಡೆ ನಗು ಬರೋದು ನಮ್ಮ ಮನೆತನಕ್ಕೇ ಅಂಟಿದ ಚಾಳಿ. ಬೇರೆಯವರ ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಜನ ಮೆತ್ತಗೆ ಮಾತಾಡ್ತಾರೆ, ಪಾತ್ರೆ ಸದ್ದಾಗದಂತೆ ಇಡ್ತಾರೆ. ನಾವೂ ಹಾಗೇ ಇರೋಣ ಅಂತ ತೀರ್ಮಾನ ಮಾಡಿದ ದಿನವೇ ಏನಾದರೊಂದು ಆಗಿ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗ್ತೀವಿ. ಅವ್ವನ ಎದೆಯಲ್ಲಿ ಗಂಟು ಕಂಡು, ಅದು ಕ್ಯಾನ್ಸರ್ ಅಂತ ಗೊತ್ತಾಗಿ, ಒಂದು ಕಡೆಯ ಎದೆ ತೆಗೆದ ಮೇಲೂ ಈ ಚಾಳಿ ಹೋಗಲಿಲ್ಲ.

ನಮ್ಮೂರು ತಾಳವಾಡಿ ಬೆಟ್ಟದ ಮೇಲೆ, ಜೀರಹಳ್ಳಿ ಕಡೆಯ ಕಾಡಂಚಿನಲ್ಲಿದೆ. ಮನೆಯ ಮಾತು ಕನ್ನಡ, ಆಸ್ಪತ್ರೆಯ ಮಾತು ತಮಿಳು. ಅವ್ವ ಕೂಲಿಯವಳು; ಕಳೆ ಕೀಳೋ ಹೆಂಗಸರ ಗುಂಪಿಗೆ ಮುಂದಾಳು. ಅಕ್ಕನನ್ನು ಹಾಸನೂರಿಗೆ ಕೊಟ್ಟಿದೆ. ತಮ್ಮ ಟೊಮೇಟೊ, ಕೋಸು ಹೇರೋ ಲೋಡ್ ಆಟೋ ಓಡಿಸ್ತಾನೆ. ನಾನು ನಡುವಿನವಳು, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಾಲರ್ ಹೊಲಿಯೋಳು. ಕೂತಲ್ಲೇ ಕನಸು ಕಾಣೋ ಗುಣ ನನ್ನದು. ಕಾಲರಿನ ಜಾಗಕ್ಕೆ ತೋಳು ಹೊಲಿದು ಸೂಪರ್‌ವೈಸರ್ ಕೈಲಿ ಬೈಸಿಕೊಂಡವಳು.

ಮೂರು ವಾರಕ್ಕೊಂದರಂತೆ ಆರು ಸಲ ಅವ್ವನಿಗೆ ನರಕ್ಕೆ ಔಷಧಿ ಹತ್ತಿಸಬೇಕು, ಒಂದೂ ತಪ್ಪಬಾರದು ಅಂತ ಕೊಯಮತ್ತೂರಿನ ಡಾಕ್ಟರು ಹೇಳಿದಾಗ ನಾನು ರಜೆ ಹಾಕಿ ಬಂದೆ. ಅಕ್ಕ ಗಂಡನಿಗೆ ಒಲೆ ಒಪ್ಪಿಸಿ ಬಂದಳು. ನಾವು ಮೂವರೂ ಒಂದೇ ಸೂರಿನ ಕೆಳಗೆ ಸಾಲಾಗಿ ಮಲಗಿ ಹತ್ತು ವರ್ಷದ ಮೇಲಾಗಿತ್ತು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳ್ತೀನಿ: ಆ ನಾಲ್ಕು ತಿಂಗಳು ನನ್ನ ಬದುಕಿನಲ್ಲೇ ಚೆಂದದ ದಿನಗಳು.

೧. ಮೊದಲ ಪರೀಕ್ಷೆ

ಅವ್ವನಿಗೆ ಕಳೆ ಕೀಳೋದಕ್ಕಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಅಳು. ನಮ್ಮ ಕಡೆ ಸಾವಾದ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳೋದಿಲ್ಲ, ಹಾಡಿಕೊಂಡು ಅಳ್ತಾರೆ. ಸತ್ತವರು ಏನು ಮಾಡಿದರು, ಹೇಗೆ ಬಾಳಿದರು ಅಂತ ಸಾಲು ಕಟ್ಟಿ ಎತ್ತಬೇಕು. ಮೊದಲ ಸಾಲು ಸರಿಯಾಗಿ ಎತ್ತದಿದ್ದರೆ ಉಳಿದವರಿಗೆ ಕಣ್ಣೀರೇ ಬರೋದಿಲ್ಲ. ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ಯಾರು ಸತ್ತರೂ ಮೊದಲು ಹೇಳಿಕಳಿಸೋದು ಅವ್ವನಿಗೆ, ಆಮೇಲೆ ನೆಂಟರಿಗೆ.

ಮೊದಲ ಸಲ ಆಸ್ಪತ್ರೆಗೆ ಹೊರಡೋ ಹಿಂದಿನ ಮಧ್ಯಾಹ್ನ ಅವ್ವ ಜಗಲಿ ಮೇಲೆ ಅವರೆಕಾಯಿ ಸುಲೀತಾ, "ನಾ ಬರಾಕಿಲ್ಲ" ಅಂದುಬಿಟ್ಟಳು.

"ಯಾಕವ್ವಾ, ಸೂಜಿಗೆ ಎದರ್ಕಂಡ್ಯಾ?" ಅಂದಳು ಅಕ್ಕ.

"ಸೂಜಿಗೂ ಎದರಿಕೆ ಇಲ್ಲ, ಸಾವಿಗೂ ಎದರಿಕೆ ಇಲ್ಲ ಕಣ್ರವ್ವ. ನಾ ಸತ್ತ ಮ್ಯಾಲೆ ನೀವು ಅಳದ ನೆನಸ್ಕಂಡ್ರೆ ಮಾತ್ರ ಮೈ ಜುಮ್ ಅಂತದ. ಊರಿಗೆಲ್ಲ ಅತ್ತೋಳ್ಗೆ ಅಳಾರ್ ಗತಿ ಇಲ್ಲ ಅಂತ ಜನ ಆಡ್ಕಂಡು ನಗ್ತಾರೆ. ಎಲ್ಲಿ, ಒಂದ್ ಸತಿ ಅತ್ತು ತೋರ್ಸಿ, ನೋಡಾನ."

ಅಕ್ಕ ಸೆರಗು ಬಾಯಿಗಿಟ್ಟುಕೊಂಡು "ಅವ್ವಾ... ಅವ್ವಾ... ಅವ್ವಾ..." ಅಂದಳು. ಮುಂದಕ್ಕೆ ಏನೂ ಬರಲಿಲ್ಲ. ಅವ್ವ ಅವರೆಕಾಯಿಯಿಂದ ಕಣ್ಣೆತ್ತದೆ, "ತಪ್ಪಿಸ್ಕಂಡ ಕರ ಅರಚ್ದಂಗದ" ಅಂದಳು. ನನ್ನ ಸರದಿ ಬಂದಾಗ ನಗು ತಡೆಯೋಕಾಗದೆ ಕೆಮ್ಮಿಬಿಟ್ಟೆ. ಗಂಡಸರು ಹಾಡಿಕೊಂಡು ಅಳೋ ಪದ್ಧತಿ ನಮ್ಮಲ್ಲಿಲ್ಲ. ಆದರೆ ಅಂಗಳದಲ್ಲಿ ಆಟೋ ತೊಳೀತಿದ್ದ ತಮ್ಮ ಸುಮ್ಮನೆ ತಮಾಷೆಗೆ ಒಂದು ಸಾಲು ಎತ್ತಿದ. ಎಷ್ಟು ಚೆನ್ನಾಗಿ ಎತ್ತಿದ ಅಂದರೆ ಅವ್ವನ ಕೈ ಕಾಯಿ ಮೇಲೇ ನಿಂತುಹೋಯಿತು.

"ಅಯ್ಯೋ ಸಿವನೆ, ಇದು ಎಣ್ಣಾಗಿ ಉಟ್ಬೇಕಿತ್ತು" ಅಂದಳು.

ಕೊನೆಗೆ ಒಪ್ಪಂದವಾಯಿತು. ನಾವು ಅಳೋದು ಕಲಿಯೋ ತನಕ ಅವ್ವ ಆಸ್ಪತ್ರೆಗೆ ಬರ್ತಾಳೆ. ಆ ಮಾತಿನಲ್ಲಿದ್ದ ಕೊಕ್ಕೆ ನಮಗೆ ಆಗ ಕಾಣಲಿಲ್ಲ. ಅಕ್ಕನಿಗೆ ಮಾತ್ರ ಮನಸ್ಸು ತಡೆಯಲಿಲ್ಲ. "ಬದುಕಿರೋರ್ ಮುಂದೆ ಸಾವಿನ್ ಆಡು ಎತ್ತಬಾರ್ದು ಕಣವ್ವ, ಅನಿಷ್ಟ" ಅಂದಳು.

"ಓಹೋ," ಅಂದಳು ಅವ್ವ, "ನೀನು ಅಡುಗೆನೂ ನೆಂಟ್ರು ಬಂದು ಎಲೆ ಮುಂದೆ ಕುಂತ ಮ್ಯಾಲೇ ಕಲ್ತಿದ್ದು, ಅಲ್ವಾ?"

೨. ಇಪ್ಪತ್ತೇಳು ತಿರುವು

ಬೆಳಿಗ್ಗೆಯ ಬಸ್ಸು ಹಾಸನೂರು ದಾಟಿ ದಿಂಬಂ ಘಾಟಿಗೆ ಬಂದಾಗ ಹೊರಗೆ ಬರೀ ಮಂಜು. ಕಾಡೂ ಇಲ್ಲ, ರಸ್ತೆಯೂ ಇಲ್ಲ, ಬಸ್ಸು ಹಾಲಿನೊಳಗೆ ಇಳೀತಿದೆಯೇನೋ ಅನ್ನೋ ಹಾಗಿತ್ತು. ನಾನು ಕಿಟಕಿಗೆ ಹಣೆ ಹಚ್ಚಿ ಅರ್ಧ ನಿದ್ದೆಯಲ್ಲಿದ್ದೆ. ಈ ಬಸ್ಸು ಎಲ್ಲಿಗೂ ಹೋಗದೆ, ಆಸ್ಪತ್ರೆ ಅನ್ನೋದು ಬಾರದೆ, ನಾವು ನಾಲ್ಕು ಜನ ಹೀಗೇ ತೂಗಾಡ್ತಾ ಇದ್ದುಬಿಟ್ಟರೆ ಅಂತ ಕನಸು ಕಾಣ್ತಿದ್ದೆ. ಅವ್ವ ಮೊಣಕೈಯಲ್ಲಿ ತಿವಿದು ಎಬ್ಬಿಸಿದಳು.

"ಮಲಿಕ್ಕಬ್ಯಾಡ. ಪಾಠ ಸುರು. ನೇರ ಒಯ್ತಾ ಇದ್ದಾಗ ಉಸ್ರು ಎಳ್ಕ. ಬಸ್ಸು ತಿರುಗ್ದಾಗ ದನಿನೂ ತಿರುಗ್ಸು. ತಿರುಗು ಮುಗಿಯಗಂಟ ಉಸ್ರು ಬುಡಬಾರ್ದು."

ಅಷ್ಟು ಒಳ್ಳೆ ಪಾಠಶಾಲೆ ಇನ್ನೆಲ್ಲೂ ಸಿಗಲಾರದು. ದಿಂಬಂ ಘಾಟಿಯಲ್ಲಿ ಇಪ್ಪತ್ತೇಳು ತಿರುವು. ಡ್ರೈವರ್ ಸ್ಟೀರಿಂಗ್ ತಿರುಗಿಸಿದ ಹಾಗೆಲ್ಲ ಅಕ್ಕ, ನಾನು ಇಬ್ಬರೂ ಅವ್ವ ಹೇಳಿಕೊಟ್ಟ ಮೊದಲ ಸಾಲನ್ನು ಸಣ್ಣ ದನಿಯಲ್ಲಿ "ಸಾಲಿಡ್ದು ಕಳೆ ಕಿತ್ತು ಮುಂದ್ ಮುಂದ್ ಓದೋಳೇ, ನನ್ನವ್ವಾ..." ಅಂತ ಎಳೆದೆವು. ಹತ್ತನೇ ತಿರುವಿನ ಹೊತ್ತಿಗೆ ನಾಚಿಕೆ ಹೋಯಿತು. ಹದಿನೈದರ ಹೊತ್ತಿಗೆ ದನಿ ಏರಿತು. ಹದಿನೆಂಟರಲ್ಲಿ ಮುಂದಿನ ಸೀಟಿನ ತಮಿಳು ಹೆಂಗಸೊಬ್ಬಳು ತನ್ನ ಯಾವ ದುಃಖ ನೆನಪಾಯಿತೋ, ತಮಿಳಲ್ಲೇ ಒಪ್ಪಾರಿ, ಅಂದರೆ ಅವರ ಕಡೆಯ ಸಾವಿನ ಹಾಡು, ಎತ್ತಿ ನಮ್ಮ ಜೊತೆ ಸೇರಿಕೊಂಡಳು. ಕಂಡಕ್ಟರು ಟಿಕೆಟ್ ಹರಿಯೋದು ನಿಲ್ಲಿಸಿ ಕಂಬ ಹಿಡಿದು ನಿಂತ.

ಬಣ್ಣಾರಿಯಲ್ಲಿ ಬಸ್ಸು ನಿಂತಾಗ ಆ ಹೆಂಗಸು ಮೂಗು ಒರೆಸಿಕೊಂಡು, ತಮಿಳಲ್ಲಿ ಕೇಳಿದಳು, "ಯಾರಮ್ಮ ತೀರಿಹೋದದ್ದು?"

ಅಕ್ಕ ಇನ್ನೂ ಬಿಕ್ಕಳಿಸ್ತಾ ಇದ್ದಳು. "ನಮ್ಮವ್ವ" ಅಂದುಬಿಟ್ಟಳು.

"ಅಯ್ಯೋ ಪಾಪ. ಯಾವಾಗ?"

ಕಿತ್ತಳೆ ಸುಲೀತಿದ್ದ ಅವ್ವ ಒಂದು ತೊಳೆ ಆ ಹೆಂಗಸಿನ ಕೈಗಿಟ್ಟು, ಚೊಕ್ಕ ತಮಿಳಲ್ಲಿ ಹೇಳಿದಳು, "ಇನ್ನೂ ಇಲ್ಲಮ್ಮ. ಇವರು ಕಲೀಲಿ ಅಂತ ಕಾಯ್ತಾ ಇದೀನಿ."

೩. ಎದುರು ಸಾಲು

ಹೊಲದಲ್ಲಿ ಹೆಂಗಸರು ಕಳೆಗೆ ಕೂತಾಗ ಒಬ್ಬೊಬ್ಬರಿಗೆ ಒಂದೊಂದು ಸಾಲು. ಬೇಗ ಬದು ಮುಟ್ಟಿದವಳು ಸುಮ್ಮನೆ ಕೂರೋ ಹಾಗಿಲ್ಲ. ಹಿಂದೆ ಬಿದ್ದವಳ ಸಾಲಿನ ಆ ತುದಿಯಿಂದ ಎದುರಾಗಿ ಕಿತ್ತುಕೊಂಡು ಬರಬೇಕು. ಎಲ್ಲರ ಸಾಲೂ ಮುಗಿದ ಮೇಲೇ ಊಟದ ಗಂಟು ಬಿಚ್ಚೋದು. ಅವ್ವ ಮೂವತ್ತು ವರ್ಷ ಇದನ್ನೇ ಮಾಡಿಸಿದವಳು.

ಔಷಧಿ ಹತ್ತಿಸೋ ದೊಡ್ಡ ಕೋಣೆಗೆ ಕಾಲಿಟ್ಟಾಗ ಅವ್ವನಿಗೆ ಕಂಡದ್ದು ಸಾಲು. ಸಾಲಾಗಿ ಮಂಚ, ಮಂಚಕ್ಕೊಬ್ಬರು, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಬಾಟಲು. ಯಾರೂ ಮಾತಾಡ್ತಿರಲಿಲ್ಲ. ಬಿಳಿ ಪರದೆ ಫ್ಯಾನಿನ ಗಾಳಿಗೆ ಮೆಲ್ಲಗೆ ಉಬ್ಬಿ ಇಳೀತಿತ್ತು. ಹನಿ ಬೀಳೋದನ್ನೇ ನೋಡ್ತಾ ನನಗೂ ಕಣ್ಣು ಎಳೀತಿತ್ತು.

ಎರಡನೇ ಸಲ ಅವ್ವನ ಬಾಟಲು ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಅವಳ ಮುಖದಲ್ಲಿ ಬದು ಮುಟ್ಟಿದ ಗೆಲುವು. ಪಕ್ಕದ ಮಂಚದಲ್ಲಿ ಪೊಳ್ಳಾಚಿ ಕಡೆಯ ಒಬ್ಬ ಹಿರಿಯರಿದ್ದರು, ಅವರ ಬಾಟಲಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಅವ್ವ ಅವರ ಬಾಟಲನ್ನೂ ತನ್ನ ಕೈಯನ್ನೂ ಒಂದೆರಡು ಸಲ ನೋಡಿ, ನರ್ಸಮ್ಮನನ್ನು ಕರೆದಳು.

"ತಾಯಿ, ಇವರದು ಹಿಂದೆ ಬಿದ್ದಿದೆ. ಅರ್ಧ ನನಗೆ ಹಾಕಿ. ಇಬ್ಬರೂ ಸೇರಿದರೆ ಬೇಗ ಮುಗಿಯುತ್ತೆ" ಅಂದಳು ತಮಿಳಲ್ಲಿ.

ಇದು ಹಾಗೆ ಹಂಚಿಕೊಳ್ಳೋ ಕೆಲಸವಲ್ಲ ಅಜ್ಜಿ, ಅವರ ಔಷಧಿ ಬೇರೆ, ನಿಮ್ಮದು ಬೇರೆ ಅಂತ ನರ್ಸಮ್ಮ ಸಮಾಧಾನವಾಗಿ ಹೇಳಿ ಬೇಗಬೇಗ ಹೊರಗೆ ಹೋದಳು. ನಗೋಕೆ ಹೋದಳು ಅಂದುಕೊಂಡೆ. ತಿರುಗಿ ಬಂದಾಗ ಅವಳ ಕಣ್ಣು ಕೆಂಪಗಿತ್ತು. ಅವ್ವನಿಗೆ ಮಾತ್ರ ತೃಪ್ತಿಯಿಲ್ಲ. ಎದುರು ಸಾಲು ಹಿಡಿಯದೆ ಹೇಗೆ ಸುಮ್ಮನೆ ಕೂರೋದು?

ಇದನ್ನೆಲ್ಲ ಕೇಳಿಸಿಕೊಂಡಿದ್ದ ಹಿರಿಯರು ಮೆಲ್ಲಗೆ ತಲೆ ಎತ್ತಿ ಹೇಳಿದರು, "ಅರ್ಧ ಯಾಕಮ್ಮ, ಪೂರ್ತಿ ನೀವೇ ತಗೊಳ್ಳಿ. ನಾನು ಮನೆಗೆ ಹೋಗ್ತೀನಿ."

೪. ಜಡೆ

ಕೂದಲು ಉದುರುತ್ತೆ ಅಂತ ಮೊದಲೇ ಹೇಳಿದ್ದರು. ಆದರೂ ಅವ್ವನ ಬಾಚಣಿಗೆಯಲ್ಲಿ ಹಿಡಿ ಹಿಡಿ ಬಂದಾಗ ಅಕ್ಕ ಹಿತ್ತಲಿಗೆ ಹೋಗಿ ಅತ್ತಳು, ಹಾಡಿಲ್ಲದ ಅಳು. ಅವ್ವ ಮಾತ್ರ ಉದುರಿದ್ದನ್ನೆಲ್ಲ ಸುತ್ತಿ ಸುತ್ತಿ ಸೂರಿನ ಸಂದಿಗೆ ತುರುಕ್ತಿದ್ದಳು. ನಮ್ಮ ಕಡೆ ಮೊಪೆಡ್ ಮೇಲೆ ಕೂದಲಿನವನು ಬರ್ತಾನೆ. ಬಾಚಿದ ಕೂದಲು ಕೊಟ್ಟರೆ ಅಷ್ಟಕ್ಕೆ ತಕ್ಕ ಸ್ಟೀಲು ಪಾತ್ರೆ ಕೊಡ್ತಾನೆ.

"ಈ ವರ್ಸ ಪಸ್ಲು ಚೆನ್ನಾಗದ" ಅಂದಳು ಅವ್ವ.

ಅವನು ಬಂದ. ಅವ್ವ ಕೂದಲಿನ ಉಂಡೆ ತಂದು ಮುಂದಿಟ್ಟಳು. ಅವನು ಎಂದಿನಂತೆ ಮುಖ ಸಿಂಡರಿಸಿ, ನರೆ ಜಾಸ್ತಿ, ಒಂದು ಬಟ್ಟಲು ಕೊಡಬಹುದು ಅಂದ. ಅವ್ವ ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ಸಿದ್ಧಳಾದಳು. ಅಷ್ಟರಲ್ಲಿ ತಲೆಯ ಮೇಲಿನ ಟವೆಲು ಜಾರಿತು. ಅವನು ಬೋಳು ತಲೆ ನೋಡಿದ. ಗಾಡಿಗೆ ಕಟ್ಟಿದ್ದ ದೊಡ್ಡ ಬಿಂದಿಗೆ ಬಿಚ್ಚಿ ತಂದು ಅವ್ವನ ಮುಂದಿಟ್ಟ.

ಅವ್ವನಿಗೆ ಕೆಟ್ಟ ಕೋಪ ಬಂತು. "ಚೌಕಾಸಿ ಮಾಡ್ದೆ ಕೊಟ್ರೆ ಅದೆಂತ ಯಾಪಾರನಪ್ಪ? ನಾನೇನು ಬಿಕ್ಸೆ ಕೇಳಿದ್ನಾ? ತಕ್ಕಂಡೋಗು ಅದ. ಮೊದ್ಲಿಂದ ಸುರು ಮಾಡು."

ಪಾಪ, ಅವನು ಮೊದಲಿಂದ ಶುರು ಮಾಡಿದ. ಇಬ್ಬರೂ ಬೇಲಿ ನೆರಳಲ್ಲಿ ಕೂತು ಅರ್ಧ ಗಂಟೆ ಏರಿಸಿ ಇಳಿಸಿ ಗುದ್ದಾಡಿದರು. ಕೊನೆಗೆ ಬಿಂದಿಗೆ ಹೋಗಿ ಒಂದು ಚೊಂಬು ಉಳಿಯಿತು. ಅವ್ವ ಗೆದ್ದವಳ ಹಾಗೆ ಅದನ್ನು ಹಿಡಿದು ಒಳಗೆ ಬಂದಳು. ಅವತ್ತಿಂದ ನಮ್ಮ ಮನೆಯಲ್ಲಿ ಆ ಚೊಂಬಿಗೆ ಹೊಸ ಹೆಸರು ಬಂತು.

"ಬಾಯೆಲ್ಲ ಒಣಗ್ತದ ಕಣಮ್ಮಿ," ಅಂತಾಳೆ ಅವ್ವ, "ನನ್ ಜಡೆಲಿ ಒಸಿ ನೀರ್ ತಕ್ಕಬಾ."

೫. ಸತ್ತವರ ಮುಂದೆ ನಿಜ

ಔಷಧಿ ಹತ್ತಿಸಿ ಬಂದ ಮೇಲೆ ನಾಲ್ಕೈದು ದಿನ ಅವ್ವ ಏಳ್ತಿರಲಿಲ್ಲ. ಬಾಯಿಗೆ ಏನೂ ರುಚಿಸದು. ಮಧ್ಯಾಹ್ನ ಅವಳನ್ನು ಜಗಲಿಯ ಚಾಪೆಯ ಮೇಲೆ ಮಲಗಿಸಿ ನಾವು ಮೂವರೂ ಅಕ್ಕಪಕ್ಕ ಮಲಗ್ತಿದ್ದೆವು. ಎದುರಿಗೆ ಚೆಂಡುಹೂವಿನ ಹೊಲ, ಅದರಾಚೆ ಕಾಡು, ಕಾಡಿನ ಮೇಲೆ ತಾಳಮಲೆ ಕಡೆಯಿಂದ ಬರೋ ಮೋಡದ ನೆರಳು. ನೆರಳು ಹೊಲದ ಮೇಲೆ ಹಾದಾಗ ಹಳದಿ ಮಂಕಾಗಿ, ಆಮೇಲೆ ತಿರುಗಿ ಹೊಳೀತಿತ್ತು. ಅಕ್ಕನ ಕಾಲು ನನ್ನ ಕಾಲ ಮೇಲೆ, ತಮ್ಮನ ಗೊರಕೆ ನನ್ನ ಕಿವಿಯಲ್ಲಿ. ಗಂಟೆ ಎಷ್ಟು ಅಂತ ಯಾರೂ ಕೇಳ್ತಿರಲಿಲ್ಲ. ಅವ್ವ ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಇರ್ತಿದ್ದಳು, ನಾನಂತೂ ಹುಟ್ಟಿದಾಗಿನಿಂದ ಅಲ್ಲೇ ಇರೋಳು. ಹಾಗಾಗಿ ಆ ಮಧ್ಯಾಹ್ನಗಳಲ್ಲಿ ನಮ್ಮಿಬ್ಬರಿಗೆ ಬಹಳ ಹೊಂದ್ತಿತ್ತು.

ಮೊದಲ ಸಾಲು ಬಸ್ಸಲ್ಲೇ ಆಗಿತ್ತು, ಉಳಿದ ಹಾಡು ಕಟ್ಟಿದ್ದು ಅಲ್ಲೇ. "ನನ್ನ ಬಗ್ಗೆ ಏನೇನ್ ಯೋಳ್ಬೇಕು ಅಂತ ನೀವೇ ಯೋಳಿ, ನಾ ಸಾಲ್ ಮಾಡಿ ಕೊಡ್ತೀನಿ" ಅಂತಿದ್ದಳು ಅವ್ವ ಕಣ್ಣು ಮುಚ್ಚಿಕೊಂಡೇ.

ಹಲಸಿನ ಮರಕ್ಕೆ ಬಂದ ಆನೆಗೆ ಪೊರಕೆ ತೋರಿಸಿ ಬೈದು ಕಳಿಸಿದ್ದನ್ನು ತಮ್ಮ ನೆನಪಿಸಿದ. ಅದೊಂದು ಸಾಲಾಯಿತು. ಕೂಲಿಯಿಂದ ಬರುವಾಗ ಸೆರಗಿನ ತುದಿಯಲ್ಲಿ ನೆಲ್ಲಿಕಾಯಿ ಕಟ್ಟಿಕೊಂಡು ಬರ್ತಿದ್ದದ್ದು ನನ್ನ ಸಾಲು. ತಮ್ಮ ಹುಟ್ಟಿದಾಗ ನಾನಿನ್ನೂ ಹಾಲು ಬಿಟ್ಟಿರಲಿಲ್ಲ, ಇಬ್ಬರಿಗೂ ಒಂದೊಂದು ಕಡೆ ಕುಡಿಸ್ತಿದ್ದಳು ಅಂತ ಅಕ್ಕ ಹೇಳಿದಳು. ಅವ್ವನ ಕೈ ತಾನಾಗಿ ಹೊಲಿಗೆ ಹಾಕಿದ ಕಡೆಗೆ ಹೋಯಿತು. ಆಮೇಲೆ ಆ ಸಾಲನ್ನೂ ಕಟ್ಟಿಕೊಟ್ಟಳು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅದೇ. ಆ ಸಾಲು ಕಲಿಯುವಾಗ ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ.

ಅಕ್ಕನಿಗೆ ಹುರುಪು ಬಂದು ತಾನೇ ಒಂದು ಸಾಲು ಎತ್ತಿದಳು: "ಒಂದ್ ದಿನಾನೂ ಒಂದ್ ಏಟು ಒಡೀದೆ ಸಾಕಿದೋಳೇ..."

ನಿದ್ದೆಯಲ್ಲಿದ್ದ ತಮ್ಮ ಎದ್ದು ಕೂತ. "ಸುಳ್ಳು! ನನ್ ಬೆನ್ನಲ್ಲಿ ಸೌದೆ ಗುರ್ತು ಇನ್ನೂ ಅದ. ಬೇಕಾದ್ರೆ ಅಂಗಿ ಬಿಚ್ಚಿ ತೋರಿಸ್ತೀನಿ."

"ಸುಮ್ಕಿರ್ಲಾ," ಅಂದಳು ಅವ್ವ ಕಣ್ಣು ತೆರೆಯದೆ, "ಸತ್ತೋರ್ ಮುಂದೆ ನಿಜ ಯೋಳಿದ್ರೆ ಅಳು ಎಲ್ ಬಂದದು?"

೬. ಮೀಸೆ ಯಜಮಾನರ ಸಾವು

ಐದನೇ ಸಲದ ಔಷಧಿ ಅವ್ವನನ್ನು ನೆಲಕ್ಕೆ ಹಾಕಿಬಿಟ್ಟಿತು. ಹತ್ತು ದಿನ ಗಂಜಿ ಬಿಟ್ಟು ಬೇರೇನೂ ಇಳಿಯಲಿಲ್ಲ. ಹನ್ನೊಂದನೇ ದಿನ ಸಂಜೆ ಎದ್ದು ಕೂತು, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಪೂರ್ತಿ ಹಾಡು ಎತ್ತಿ ನೋಡೋಣ ಅಂದಳು. ಎತ್ತಿದೆವು. ಎಲ್ಲೂ ತಡೆಯಲಿಲ್ಲ, ಎಲ್ಲೂ ಉಸಿರು ಕಟ್ಟಲಿಲ್ಲ. ಮುಗಿದಾಗ ಬೇಲಿಯಾಚೆ ನಿಂತು ಕೇಳ್ತಿದ್ದ ಪಕ್ಕದ ಮನೆಯವಳು ಸೆರಗಲ್ಲಿ ಕಣ್ಣು ಒರೆಸಿಕೊಳ್ತಿದ್ದಳು. ನಾವು ಬಹುಮಾನ ಗೆದ್ದವರ ಹಾಗೆ ಅವ್ವನ ಮುಖ ನೋಡಿದೆವು.

"ಬಂದುಬುಡ್ತು ನಿಮ್ಗೆ" ಅಂದಳು ಅವ್ವ. "ಇನ್ನು ನಾ ಬೆಟ್ಟ ಇಳಿಯಾಕಿಲ್ಲ. ಕಲಿಯಗಂಟ ತಾನೆ ಮಾತಿದ್ದದ್ದು? ಸಾಕು ಕಣ್ರವ್ವ. ನನ್ನ ಮೈಲಿ ಇನ್ನ ತಡಿಯ ಸಕ್ತಿ ಇಲ್ಲ."

ಒಪ್ಪಂದದ ಕೊಕ್ಕೆ ಆಗ ಗಂಟಲಿಗೆ ಸಿಕ್ಕಿತು. ಆರೂ ಆಗಲೇಬೇಕು, ಒಂದು ಬಿಟ್ಟರೂ ಕಾಯಿಲೆ ತಿರುಗಿ ಬರಬಹುದು ಅಂತ ಡಾಕ್ಟರು ಹೇಳಿದ್ದನ್ನು ಹೇಳಿದೆವು. ಕೈ ಹಿಡಿದೆವು, ಬೈದೆವು. ಅವ್ವ ಗೋಡೆ ಕಡೆ ತಿರುಗಿ ಮಲಗಿದಳು. ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ಅಷ್ಟ್ ಚೆನ್ನಾಗಿ ಅಳು ಅಂತ ನಿನ್ಗೆ ಯಾರಮ್ಮಿ ಯೋಳಿದ್ದು?" ಅಂತ ಗದರಿಸಿದಳು. ನಾನು, "ನೀನೇನು ಕಮ್ಮಿ ಅತ್ಯಾ?" ಅಂದೆ. ಜಗಳವಾಡ್ತಾ ಇಬ್ಬರೂ ಅತ್ತೆವು. ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ. ಅವ್ವ ಇಲ್ಲದ ಜಗಲಿಯನ್ನು ಕನಸಲ್ಲಿ ಕೂಡ ನೋಡೋಕೆ ನನಗೆ ಧೈರ್ಯವಿರಲಿಲ್ಲ.

ಆರನೇ ಸಲಕ್ಕೆ ಎರಡು ದಿನ ಇರುವಾಗ ಬೆಳಿಗ್ಗೆ ಊರ ಮೀಸೆ ಯಜಮಾನರು ತೀರಿಕೊಂಡರು. ತುಂಬು ಬಾಳು ಬಾಳಿದವರು. ಊರವರೆಲ್ಲ ಕೂಲಿಗೆ ಹೋಗೋ ಚೆಂಡುಹೂವಿನ ಹೊಲ ಅವರದೇ. ಕಿವಿಯ ತನಕ ಹೋಗೋ ಬಿಳಿ ಮೀಸೆ, ಗುಡುಗಿನಂಥ ದನಿ. ಅವರ ಮನೆಯಿಂದ ಅವ್ವನಿಗೆ ಕರೆ ಬಂತು. ಅವ್ವ ಎದ್ದು ನಿಂತಳು, ನಾಲ್ಕು ಹೆಜ್ಜೆ ಇಟ್ಟಳು, ಬಾಗಿಲು ಹಿಡಿದುಕೊಂಡು ಕೂತುಬಿಟ್ಟಳು.

"ನೀವೋಗಿ" ಅಂದಳು.

"ನಮ್ಗೆ ನಿನ್ ಆಡು ಬುಟ್ರೆ ಬೇರೆದು ಬರಲ್ವಲ್ಲವ್ವ!" ಅಂದಳು ಅಕ್ಕ.

"ಅದನ್ನೇ ತಿದ್ಕಳಿ. 'ಅವ್ವ' ಅನ್ನ ಕಡೆಲಿ 'ಅಯ್ಯ' ಅನ್ನಿ. 'ಓದೋಳೇ' ಅನ್ನ ಕಡೆಲಿ 'ಓದೋನೇ' ಅನ್ನಿ. ಅಷ್ಟೇಯ."

ಕೇಳೋಕೆ ಸುಲಭವಾಗಿತ್ತು. ದಾರಿಯುದ್ದಕ್ಕೂ ಅಯ್ಯ, ಅಯ್ಯ ಅಂತ ಬಾಯಿಪಾಠ ಮಾಡಿಕೊಂಡು ಹೋದೆವು. ಅಲ್ಲಿ ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ, ಪೇಟ ಕಟ್ಟಿ, ಮೀಸೆ ತಿದ್ದಿ, ಅವರದೇ ಹೊಲದ ಹೂವಿನ ಹಾರ ಹಾಕಿದ್ದರು. ಊರೆಲ್ಲ ನೆರೆದಿತ್ತು. ಯಾರೂ ಅಳ್ತಿರಲಿಲ್ಲ, ಮೊದಲ ಸಾಲಿಗೆ ಕಾಯ್ತಿದ್ದರು. ತಮ್ಮ ಚಟ್ಟ ಕಟ್ಟೋರ ಜೊತೆ ಹಿಂದೆ ನಿಂತಿದ್ದ.

ಅಕ್ಕ ಎತ್ತಿದಳು. "ಸಾಲಿಡ್ದು ಕಳೆ ಕಿತ್ತು ಮುಂದ್ ಮುಂದ್ ಓದೋನೇ, ನನ್ನಯ್ಯಾ..."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನರು ಹುಟ್ಟಿದ ಮೇಲೆ ಬಗ್ಗಿ ಒಂದು ಕಳೆ ಕಿತ್ತವರಲ್ಲ. ಬದುವಿನ ಮೇಲೆ ಕೊಡೆ ಹಿಡಿದು ನಿಂತು, ಅಲ್ಲಿ ಬಿಟ್ಟಿದೀಯ, ಇಲ್ಲಿ ಬಿಟ್ಟಿದೀಯ ಅಂತಿದ್ದವರು. ನಾನು ಗಾಬರಿಯಾಗಿ ಮುಂದಿನ ಸಾಲು ಎತ್ತಿದೆ: "ಪೊರಕೆ ಇಡ್ದು ಆನೆಗೇ ಬೈದು ಕಳಿಸಿದೋನೇ..." ಇದು ಪರವಾಗಿಲ್ಲ ಅನ್ನಿಸಿತೋ ಏನೋ, ಒಂದಿಬ್ಬರು ತಲೆದೂಗಿದರು. ಅಕ್ಕ ಹುರುಪಿನಿಂದ "ಸೆರಗಿನ ತುದಿಲಿ ನೆಲ್ಲಿಕಾಯಿ ಕಟ್ತಂದೋನೇ..." ಅಂದಳು. ಸೆರಗಿಗೆ ಏನು ಮಾಡಬೇಕು ಅಂತ ನಾವು ಯೋಚನೆ ಮಾಡಿರಲೇ ಇಲ್ಲ.

ಮುಂದಿನದು ನನಗೆ ಮರೆತುಹೋಯಿತು. ಬಾಯಿ ತೆರೆದುಕೊಂಡು ನಿಂತೆ. ಹಿಂದಿನಿಂದ ತಮ್ಮ ಮೆಲ್ಲಗೆ ಎತ್ತಿಕೊಟ್ಟ. ತಿದ್ದಿ ಹೇಳಬೇಕು ಅನ್ನೋದು ಅವನಿಗೂ ನೆನಪಿರಲಿಲ್ಲ. ಅವ್ವ ಕಟ್ಟಿಕೊಟ್ಟ ಹಾಗೇ ಹೇಳಿದ, ನಾನೂ ಹಾಗೇ ಗಟ್ಟಿಯಾಗಿ ಎತ್ತಿಬಿಟ್ಟೆ:

"ಒಂದೆದೆಗೆ ತಮ್ಮನ್ನ, ಒಂದೆದೆಗೆ ನನ್ನ, ಅಪ್ಪಿ ಆಲುಣಿಸಿ ಬೆಳಸ್ದೋಳೇ, ನನ್ನವ್ವಾ..."

ಆ ಸಾಲು ಬಾಯಿಂದ ಹೊರಟ ಮೇಲೆ ನನಗೆ ಯಜಮಾನರು ಕಾಣಲಿಲ್ಲ. ಬಾಗಿಲು ಹಿಡಿದು ಕೂತಿದ್ದ ಅವ್ವ ಕಂಡಳು, ಅವಳ ರವಿಕೆಯ ಖಾಲಿ ಕಡೆ ಕಂಡಿತು, ನಾಡಿದ್ದು ಹೊರಡಬೇಕಾದ ಬಸ್ಸು ಕಂಡಿತು. ನಾನು ಯಜಮಾನರ ಕಾಲ ಮೇಲೆ ಬಿದ್ದು ಅತ್ತೆ. ಅಕ್ಕ ನನ್ನ ಮೇಲೆ ಬಿದ್ದು ಅತ್ತಳು. ಹಾಡಿಕೊಂಡು ಅಳಬಾರದ ತಮ್ಮ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಅತ್ತ. ನಮ್ಮನ್ನು ನೋಡಿ ಇಡೀ ಅಂಗಳ ಹೋ ಅಂತ ಅತ್ತಿತು. ಯಜಮಾನರ ಹಿರಿ ಮಗ, ಅವರಿಗೇ ಅರವತ್ತು ದಾಟಿದೆ, ನಮ್ಮನ್ನು ಎಬ್ಬಿಸಿ, "ನಮ್ಮಪ್ಪ ನಿಮ್ಗೆ ಇಷ್ಟೆಲ್ಲ ಮಾಡಿದ್ರಾ? ನಮ್ಗೆ ಒಂದ್ ಮಾತೂ ಯೋಳ್ಲಿಲ್ವಲ್ಲ!" ಅಂತ ಬಿಕ್ಕಿದರು. ಮೂಲೆಯಲ್ಲಿದ್ದ ಹಣ್ಣು ಮುದುಕಿಯೊಬ್ಬಳು ಯಜಮಾನರ ಮುಖವನ್ನೇ ನೋಡ್ತಾ, "ಮೀಸೆ ಇದ್ರೇನು, ಕರ್ಳು ತಾಯಿದು" ಅಂದಳು.

ಮನೆಗೆ ಬಂದು ಹಿತ್ತಲಲ್ಲೇ ತಲೆಗೆ ನೀರು ಹುಯ್ದುಕೊಂಡು ಒಳಗೆ ಬಂದಾಗ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಅವ್ವ ಗೋಡೆಗೆ ಒರಗಿ ಕೂತಿದ್ದಳು.

"ಆನೆ ಸಾಲೂ ಎತ್ತುದ್ರಾ?"

"ಊಂ."

"ಆಲಿನ ಸಾಲೂ?"

"ಅದ್ಕೇ ಎಲ್ರೂ ಅತ್ತದ್ದು ಕಣವ್ವ" ಅಂದಳು ಅಕ್ಕ.

ಅವ್ವ ನಗೋಕೆ ಶುರು ಮಾಡಿದಳು. ಹೊಲಿಗೆ ನೋಯುತ್ತೆ ಅಂತ ಒಂದು ಕೈಯಲ್ಲಿ ಎದೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನೆಲ ಬಡಿದು ಬಡಿದು ನಕ್ಕಳು. "ಆ ಮೀಸೆಗೆ! ಆ ಮೀಸೆ ಕೈಲಿ ಆಲು ಉಣ್ಸ್‌ಬುಟ್ರಲ್ರೋ!" ಎಷ್ಟೋ ದಿನದಿಂದ ಅವಳ ಮುಖದಲ್ಲಿ ಕಾಣದಿದ್ದ ಬಣ್ಣ ಬಂತು. ನಕ್ಕು ಸಾಕಾದ ಮೇಲೆ ಏನೋ ನೆನಪಾದಂತೆ ಹುಬ್ಬು ಗಂಟಿಕ್ಕಿದಳು.

"ಅಯ್ಯಯ್ಯೋ, ಒಂದ್ ಎಣದ ಮುಂದೆ ಎತ್ತಿದ ಆಡು ಆ ಎಣದ ಜೊತೆಗೇ ಮಣ್ಣಿಗೋಯ್ತದ. ಇನ್ನೊಬ್ರಿಗೆ ಎತ್ತಂಗಿಲ್ಲ, ತಿದ್ಕಳಿ ಅನ್ನವಾಗ ನನ್ಗೂ ಗ್ಯಾನ ಬರ್ನಿಲ್ಲ. ಈಗ ನಾ ಸತ್ರೆ ಜನ ಏನಂದಾರು? ಇದು ಮೀಸೆ ಯಜಮಾನ್ರ ಆಡಲ್ವಾ ಅಂತ ನಗ್ತಾರೆ. ನನ್ಗೇ ಇಲ್ದಂಗೆ ಮಾಡ್ಬುಟ್ರಲ್ಲ, ದರಿದ್ರ ಮುಂಡೇವಾ."

ನಾವು ಮೂವರೂ ತಲೆ ತಗ್ಗಿಸಿ ನಿಂತೆವು. ಅವ್ವ ಬಹಳ ಹೊತ್ತು ಹೊಲದ ಕಡೆ ನೋಡಿದಳು. ಆಮೇಲೆ ತಮ್ಮನಿಗೆ ಹೇಳಿದಳು, "ನಾಡಿದ್ದು ಬಸ್ಸು ಎಷ್ಟೊತ್ಗೆ ಅಂತ ಇಚಾರುಸ್ಲಾ. ಒಸ ಆಡು ಕಟ್ಟಾಗಂಟ ಸಾಯಕ್ಕೂ ಆಗಾಕಿಲ್ಲ ನಾನು."

ಆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅವ್ವ ಹೊಸ ಹಾಡಿನ ಮೊದಲ ಸಾಲು ಎತ್ತಿದಳು. ಸಣ್ಣ ಸಾಲು, ಸುಲಭದ ರಾಗ, ಒಂದು ಸಲ ಕೇಳಿದರೆ ಸಾಕು ಬಂದುಬಿಡುವಂಥದ್ದು. ಅಕ್ಕ ಅದನ್ನು ಎಲ್ಲಿಂದಲೋ ಶುರು ಮಾಡಿ ಎಲ್ಲೋ ಬಿಟ್ಟಳು. ನಾನು ನಡುವೆ ಅರ್ಧ ಸಾಲು ನುಂಗಿದೆ. ಹೆಣ್ಣಾಗಿ ಹುಟ್ಟಬೇಕಿದ್ದ ತಮ್ಮ ಕೂಡ ಗಂಟಲು ಕಟ್ಟಿದ ಹುಂಜದ ಹಾಗೆ ಕಿರುಚಿದ. ಅವ್ವ ಇನ್ನೊಂದು ಸಲ ಹೇಳಿಕೊಟ್ಟಳು. ನಾವು ಇನ್ನೂ ಕೆಟ್ಟದಾಗಿ ಹೇಳಿದೆವು.

"ಥೂ ನಿಮ್ಮ," ಅಂದಳು ಅವ್ವ, "ಇನ್ನತ್ತು ವರ್ಸ ಆದ್ರೂ ಬರಾಕಿಲ್ಲ ನಿಮ್ಗೆ ಇದು."

"ಬರಾಕಿಲ್ಲ ಕಣವ್ವ" ಅಂದೆವು ಮೂವರೂ ಒಟ್ಟಿಗೆ.